ವಾರಂಟ್ ಮೇಲೆ ಯಾರ ಸಹಿ ಇರಬೇಕು?

2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಒಂದು ಪ್ರಕರಣವನ್ನು ಕೈಗೆತ್ತಿಕೊಂಡಿತು. ಹರಿಯಾಣದ ಅಂಬಾಲಾದ ವೃದ್ಧ ದಂಪತಿಯನ್ನು ‘ಡಿಜಿಟಲ್ ಅರೆಸ್ಟ್’ (ವಿಡಿಯೊ ಕರೆಯಲ್ಲೇ ಬಂಧನದಲ್ಲಿದ್ದೀರಿ ಎಂದು ನಂಬಿಸುವುದು) ಹೆಸರಿನಲ್ಲಿ ಹೆದರಿಸಿ ಒಂದು ಕೋಟಿ ರೂಪಾಯಿಗೂ ಹೆಚ್ಚು ಹಣ ದೋಚಿದ್ದ ವಂಚಕರು ಅದಕ್ಕೆ ಬಳಸಿಕೊಂಡದ್ದು ಸುಪ್ರೀಂ ಕೋರ್ಟಿನದೇ ಹೆಸರಿನ ನಕಲಿ ಆದೇಶಗಳನ್ನು; ಅವುಗಳಲ್ಲಿ ನ್ಯಾಯಮೂರ್ತಿಗಳ ಖೋಟಾ ಸಹಿಯಿತ್ತು, ನ್ಯಾಯಾಲಯದ ಖೋಟಾ ಮೊಹರಿತ್ತು. ಡಿಸೆಂಬರ್ 1ರಂದು ನ್ಯಾಯಾಲಯ ಇಂತಹ ವಂಚನೆಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ಅದಕ್ಕೂ ಒಂದು ವರ್ಷ ಮೊದಲು, 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ದೇಶಕ್ಕೆಲ್ಲ ಕೇಳಿಸಿದ ವಂಚಕರ ಕರೆ ವಿಜಯಪುರದವರೊಬ್ಬರಿಗೆ ಬಂದದ್ದಾಗಿತ್ತು.

ಈ ವಂಚನೆಯ ವಿರುದ್ಧ ನಡೆಯುವ ಜಾಗೃತಿ ಪ್ರಚಾರದಲ್ಲಿ ಸಾಮಾನ್ಯವಾಗಿ ಕೇಳಿಬರುವ ಬುದ್ಧಿಮಾತು, ವಾರಂಟ್ ಹೊರಡಿಸುವುದು ನ್ಯಾಯಾಧೀಶರು ಮಾತ್ರ ಎಂಬುದು. ಬಂಧನದ ವಾರಂಟಿನ ಮಟ್ಟಿಗೆ ಅದು ಬಹುಪಾಲು ಸರಿ. ಶೋಧದ ವಿಷಯಕ್ಕೆ ಬಂದರೆ ಅರ್ಧ ಸತ್ಯ. ಆದಾಯ ತೆರಿಗೆ ಇಲಾಖೆಯವರು ಬೆಳಗಿನ ಜಾವ ಬಾಗಿಲು ತಟ್ಟಿ ತೋರಿಸುವ ಕಾಗದದ ಮೇಲೆ ಯಾವ ನ್ಯಾಯಾಧೀಶರ ಸಹಿಯೂ ಇರುವುದಿಲ್ಲ. ಆದರೂ ಕಾನೂನಿನ ದೃಷ್ಟಿಯಲ್ಲಿ ಅದು ಸಿಂಧುವಾದ ಕಾಗದ. ಜಾರಿ ನಿರ್ದೇಶನಾಲಯದ (ಇ.ಡಿ) ಶೋಧವೂ ಹಾಗೆಯೇ. ನಮ್ಮ ಕಾನೂನು ವ್ಯವಸ್ಥೆಯಲ್ಲಿ ವಾರಂಟ್ ಬರೆಯುವ ಲೇಖನಿ ಒಂದೇ ಕೈಯಲ್ಲಿಲ್ಲ, ಮತ್ತು ಕಳೆದ ಕೆಲವು ದಶಕಗಳಲ್ಲಿ ಅದು ನ್ಯಾಯಾಧೀಶರ ಕೈಯಿಂದ ತನಿಖಾಧಿಕಾರಿಯ ಕೈಗೆ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಾ ಬಂದಿದೆ. ಯಾವ ಕಾಗದಕ್ಕೆ ಯಾರ ಸಹಿ ಬೇಕು ಎಂಬುದು ಜನರಿಗೆ ಸ್ಪಷ್ಟವಾಗಿ ತಿಳಿಯದಿರಲು ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಆದ್ದರಿಂದ ಈ ಅಧಿಕಾರ ಯಾರಲ್ಲಿದೆ, ಎಲ್ಲಿಂದ ಬಂತು, ಅದರ ಮೇಲೆ ಯಾರ ಕಣ್ಣಿದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕಾಗಿದೆ.

ಮೊದಲು ಬಂಧನದ ವಾರಂಟ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಸೆಕ್ಷನ್, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಸೆಕ್ಷನ್ನಿನ ಮುಂದುವರಿಕೆ. ಅದು ಹೇಳುವುದು ಇಷ್ಟು: ನ್ಯಾಯಾಲಯ ಹೊರಡಿಸುವ ಬಂಧನದ ವಾರಂಟ್ ಲಿಖಿತವಾಗಿರಬೇಕು, ಆ ನ್ಯಾಯಾಲಯದ ಪೀಠಾಸೀನಾಧಿಕಾರಿ ಅದಕ್ಕೆ ಸಹಿ ಹಾಕಿರಬೇಕು, ನ್ಯಾಯಾಲಯದ ಮೊಹರು ಇರಬೇಕು. ಸಮನ್ಸಿನ ನಿಯಮದೊಂದಿಗೆ ಇದನ್ನು ಹೋಲಿಸಿದರೆ ಕಾನೂನಿನ ಎಚ್ಚರ ಅರ್ಥವಾಗುತ್ತದೆ. ಹೈಕೋರ್ಟಿನ ನಿಯಮಗಳು ಅವಕಾಶ ಕೊಟ್ಟಿದ್ದರೆ ಸಮನ್ಸಿಗೆ ನ್ಯಾಯಾಲಯದ ಬೇರೊಬ್ಬ ಅಧಿಕಾರಿ ಸಹಿ ಹಾಕಬಹುದು. ವಾರಂಟಿಗೆ ಆ ಸಡಿಲಿಕೆಯಿಲ್ಲ. ಶಿರಸ್ತೇದಾರರಾಗಲಿ ಬೆಂಚ್ ಕ್ಲರ್ಕ್ ಆಗಲಿ ಅದಕ್ಕೆ ಸಹಿ ಮಾಡುವಂತಿಲ್ಲ. ಒಬ್ಬ ವ್ಯಕ್ತಿಯ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಆದೇಶಕ್ಕೆ, ಅದನ್ನು ಯೋಚಿಸಿ ನಿರ್ಧರಿಸಿದವರೇ ಕೈಯಾರೆ ಸಹಿ ಹಾಕಿ ಹೊಣೆ ಹೊರಬೇಕು ಎಂಬುದು ಈ ನಿಯಮದ ಆಶಯ. ಒಮ್ಮೆ ಹೊರಟ ವಾರಂಟ್, ಅದನ್ನು ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಜೀವಂತವಾಗಿರುತ್ತದೆ. ಹತ್ತು ವರ್ಷ ಹಳೆಯದೆಂಬ ಕಾರಣಕ್ಕೆ ಅದು ತಾನಾಗಿ ಸಾಯುವುದಿಲ್ಲ.

ಹೊಸ ಸಂಹಿತೆಯ 530ನೇ ಸೆಕ್ಷನ್ ಸಮನ್ಸ್ ಮತ್ತು ವಾರಂಟ್‌ಗಳನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ಹೊರಡಿಸಲು, ಜಾರಿ ಮಾಡಲು ಅವಕಾಶ ನೀಡಿದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಆದರೆ ವಿಧಾನ ಬದಲಾದ ಮಾತ್ರಕ್ಕೆ ಅಧಿಕಾರ ಬದಲಾಗುವುದಿಲ್ಲ. ವಾಟ್ಸ್‌ಆ್ಯಪ್ ಮೂಲಕ ಪೊಲೀಸರು ಹಾಜರಾತಿ ನೋಟಿಸ್ ಕಳುಹಿಸುವುದನ್ನೇ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ, ಸತೇಂದರ್ ಕುಮಾರ್ ಅಂತಿಲ್ ಪ್ರಕರಣದ ಮುಂದುವರಿದ ವಿಚಾರಣೆಯಲ್ಲಿ, ಒಪ್ಪಲಿಲ್ಲ. ವಿಡಿಯೊ ಕರೆಯಲ್ಲಿ ಒಬ್ಬರನ್ನು ‘ಬಂಧನ’ದಲ್ಲಿ ಇರಿಸುವ ಅಧಿಕಾರವಂತೂ ಈ ದೇಶದ ಯಾವ ನ್ಯಾಯಾಲಯಕ್ಕೂ ಯಾವ ತನಿಖಾ ಸಂಸ್ಥೆಗೂ ಇಲ್ಲ.

ಪೊಲೀಸರ ಸ್ಥಾನ ಯಾವುದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಪೊಲೀಸ್ ಅಧಿಕಾರಿ ಎಷ್ಟೇ ಹಿರಿಯರಾಗಿರಲಿ, ತನಿಖಾಧಿಕಾರಿಯಾಗಿ ವಾರಂಟ್ ಹೊರಡಿಸುವಂತಿಲ್ಲ. ನ್ಯಾಯಾಲಯ ಹೊರಡಿಸಿದ್ದನ್ನು ಜಾರಿ ಮಾಡುವುದು ಅವರ ಕೆಲಸ. ಆದರೆ ಸಂಜ್ಞೇಯ ಅಪರಾಧಗಳಲ್ಲಿ ವಾರಂಟ್ ಇಲ್ಲದೆಯೇ ಬಂಧಿಸುವ ಅಧಿಕಾರವನ್ನು ಹೊಸ ಸಂಹಿತೆಯ 35ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ಕೊಲೆ, ದರೋಡೆ, ಅತ್ಯಾಚಾರದಂತಹ ಗಂಭೀರ ಪ್ರಕರಣಗಳಲ್ಲಿ ಪೊಲೀಸರ ಬಳಿ ವಾರಂಟ್ ಎಲ್ಲಿದೆ ಎಂದು ಕೇಳುವುದರಲ್ಲಿ ಕಾನೂನಿನ ಅರ್ಥವಿಲ್ಲ. ಅಲ್ಲಿ ಕೇಳಬೇಕಾದದ್ದು ಬಂಧನದ ಕಾರಣವನ್ನು, ಏಕೆಂದರೆ ಅದನ್ನು ತಿಳಿಸಬೇಕಾದದ್ದು ಸಂವಿಧಾನದ 22ನೇ ವಿಧಿ ವಿಧಿಸಿದ ಕಡ್ಡಾಯ. ಅದೇ ವಿಧಿಯ ಪ್ರಕಾರ, ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮೊದಲೇ ನ್ಯಾಯಾಧೀಶರ ಅನುಮತಿ ಪಡೆಯದೆ ನಡೆದ ಬಂಧನವೂ ಒಂದು ದಿನದೊಳಗೆ ನ್ಯಾಯಾಧೀಶರ ಕಣ್ಣಿಗೆ ಬೀಳಲೇಬೇಕು ಎಂಬ ಈ ಏರ್ಪಾಡನ್ನು ಓದುಗರು ನೆನಪಿನಲ್ಲಿಡಬೇಕು. ಶೋಧದ ವಿಷಯದಲ್ಲಿ ಇದೇ ಏರ್ಪಾಡು ಎಷ್ಟರಮಟ್ಟಿಗೆ ಇದೆ ಎಂಬುದು ಮುಂದೆ ಬರುವ ಮುಖ್ಯ ಪ್ರಶ್ನೆ.

ವಾರಂಟ್ ಇಲ್ಲದೆ ಬಂಧಿಸಬಹುದಾದ ಪ್ರಕರಣದಲ್ಲೂ ಪೊಲೀಸರು ವಾರಂಟ್ ಕೇಳಿ ನ್ಯಾಯಾಲಯಕ್ಕೆ ಹೋಗುವುದುಂಟು. 2024ರ ಮೇ ತಿಂಗಳಲ್ಲಿ, ಆಗ ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ವಿದೇಶದಲ್ಲಿದ್ದಾಗ, ವಿಶೇಷ ತನಿಖಾ ತಂಡ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯದಿಂದ ಬಂಧನದ ವಾರಂಟ್ ಪಡೆಯಿತು. ಅವರ ವಿರುದ್ಧದ ಆರೋಪಗಳು ವಾರಂಟ್ ಇಲ್ಲದೆ ಬಂಧಿಸಬಹುದಾದವೇ ಆಗಿದ್ದವು. ಆದರೆ ತನಿಖೆ ನಡೆಯುತ್ತಿರುವಾಗಲೇ, ಜಾಮೀನುರಹಿತ ಅಪರಾಧದ ಆರೋಪ ಹೊತ್ತು ಬಂಧನ ತಪ್ಪಿಸಿಕೊಳ್ಳುತ್ತಿರುವವರ ವಿರುದ್ಧ ವಾರಂಟ್ ಹೊರಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ, ದಾವೂದ್ ಇಬ್ರಾಹಿಂ ಕಸ್ಕರ್ ಪ್ರಕರಣದಲ್ಲಿ ಹೇಳಿತ್ತು. ಆ ವಾರಂಟ್ ನ್ಯಾಯಾಲಯದ ಮುಂದೆ ಹಾಜರುಪಡಿಸಲಿಕ್ಕಾಗಿ. ಪೊಲೀಸ್ ಕಸ್ಟಡಿ ಕೊಡಬೇಕೇ ಬೇಡವೇ ಎಂಬುದನ್ನು ಹಾಜರಾದ ಮೇಲೆ ನ್ಯಾಯಾಲಯ ಪ್ರತ್ಯೇಕವಾಗಿ ನಿರ್ಧರಿಸುತ್ತದೆ ಎಂದೂ ಅದೇ ತೀರ್ಪು ಸ್ಪಷ್ಟಪಡಿಸಿದೆ. ಲುಕ್‌ಔಟ್ ಸುತ್ತೋಲೆ, ಇಂಟರ್‌ಪೋಲ್‌ನ ಬ್ಲೂ ಕಾರ್ನರ್ ನೋಟಿಸ್ ಎಂಬ ಹೆಸರುಗಳು ಆ ದಿನಗಳಲ್ಲಿ ಸುದ್ದಿಯಲ್ಲಿ ಸಾಕಷ್ಟು ಕೇಳಿಬಂದವು. ಅವು ಆಡಳಿತದ ಸೂಚನೆಗಳು. ವಾರಂಟಿನ ಸ್ಥಾನವನ್ನು ಅವು ತುಂಬುವುದಿಲ್ಲ. ಹಾಗೆಯೇ ಜೈಲಿನಲ್ಲಿರುವವರನ್ನು ಮತ್ತೊಂದು ಪ್ರಕರಣಕ್ಕೆ ಕರೆತರಲು ಬಳಸುವ, ಪೊಲೀಸರ ಬಾಯಲ್ಲಿ ‘ಬಾಡಿ ವಾರಂಟ್’ ಎಂದೇ ಕರೆಯಲಾಗುವ ಆದೇಶವನ್ನೂ ನ್ಯಾಯಾಲಯವೇ ಕೊಡಬೇಕು.

ನ್ಯಾಯಾಧೀಶರಿಗೆ ಅಧಿಕಾರವಿದೆ ಎಂದ ಮಾತ್ರಕ್ಕೆ ಅದನ್ನು ಮನಬಂದಂತೆ ಬಳಸಬಹುದೆಂದಲ್ಲ. ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮ ಇಂದಿಗೂ ಆಧಾರವಾಗಿದೆ. ಮೊದಲು ಸಮನ್ಸ್, ಅದಕ್ಕೆ ಬಾರದಿದ್ದರೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಾರದಿದ್ದರೆ ಮಾತ್ರ ಜಾಮೀನುರಹಿತ ವಾರಂಟ್. ಆರೋಪಿ ತಾನಾಗಿ ಬರುವುದಿಲ್ಲ ಎಂದು ನಂಬಲು ಕಾರಣವಿದ್ದಾಗ, ಪೊಲೀಸರಿಗೆ ಆತ ಸಿಗದಿದ್ದಾಗ, ಅಥವಾ ಹೊರಗಿದ್ದರೆ ಯಾರಿಗಾದರೂ ಅಪಾಯವಾಗುವಂತಿದ್ದಾಗ ಈ ಕೊನೆಯ ಅಸ್ತ್ರ. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಮಾನ್ಯ ಜನರಿಗೆ ಜಾಮೀನುರಹಿತ ವಾರಂಟನ್ನು ಸೂಚಿಸುವ ‘ಎನ್‌ಬಿಡಬ್ಲ್ಯೂ’ ಎಂಬ ಪದ ಪರಿಚಯವಾಗುವುದು ಹೆಚ್ಚಾಗಿ ಚೆಕ್ ಬೌನ್ಸ್ ಪ್ರಕರಣಗಳಲ್ಲಿ. ಎರಡು ವರ್ಷದವರೆಗಿನ ಶಿಕ್ಷೆಯ ಆ ಅಪರಾಧ ಕಾನೂನಿನ ವರ್ಗೀಕರಣದಲ್ಲಿ ಸಮನ್ಸ್ ಪ್ರಕರಣವೇ ಆಗಿದ್ದರೂ, ಎರಡು ಮೂರು ದಿನಾಂಕಗಳಿಗೆ ಹಾಜರಾಗದವರ ಹೆಸರಿಗೆ ವಾರಂಟ್ ಹೊರಡುತ್ತದೆ. ವಕೀಲರ ಮೂಲಕ ಅರ್ಜಿ ಹಾಕಿ ವಾರಂಟ್ ರೀಕಾಲ್ ಮಾಡಿಸಿಕೊಂಡರೂ ಆ ಮಾಹಿತಿ ಠಾಣೆಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈನ ವಕೀಲರೊಬ್ಬರ ಪ್ರಕರಣ ಸಾಕ್ಷಿ. ರದ್ದಾಗಿದ್ದ ವಾರಂಟಿನ ಮೇಲೆಯೇ ಅವರನ್ನು ಸ್ವಾತಂತ್ರ್ಯ ದಿನದಂದು ಬಂಧಿಸಲಾಗಿತ್ತು. ರಘುವಂಶ್ ದೇವಾನ್‌ಚಂದ್ ಭಾಸಿನ್ ಪ್ರಕರಣವೆಂದು ಹೆಸರಾದ ಅದರಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಜಾಮೀನುರಹಿತ ವಾರಂಟ್‌ಗಳಿಗೆ ಕ್ರಮಸಂಖ್ಯೆ ಇರಬೇಕು, ಪ್ರತ್ಯೇಕ ರಿಜಿಸ್ಟರ್ ಇಡಬೇಕು, ರದ್ದಾದ ವಾರಂಟ್ ಜಾರಿಯಾಗದಂತೆ ನೋಡಿಕೊಳ್ಳಬೇಕು ಎಂದು ವಿವರವಾದ ಮಾರ್ಗಸೂಚಿಯನ್ನೇ ಕೊಟ್ಟಿತು.

ಕ್ರಿಮಿನಲ್ ನ್ಯಾಯಾಲಯಗಳಾಚೆಗೂ ಈ ಅಧಿಕಾರ ಹರಡಿದೆ. ಡಿಕ್ರಿ ಹಣ ಕಟ್ಟದವರ ವಿರುದ್ಧ ಅಮಲ್ಜಾರಿ ಅರ್ಜಿಯಲ್ಲಿ ಸಿವಿಲ್ ನ್ಯಾಯಾಲಯ ಬಂಧನದ ವಾರಂಟ್ ಹೊರಡಿಸಬಹುದು, ಅದನ್ನು ನ್ಯಾಯಾಲಯದ ಅಮೀನರು ಜಾರಿ ಮಾಡುತ್ತಾರೆ. ಜೀವನಾಂಶ ಬಾಕಿ ಉಳಿಸಿಕೊಂಡ ಗಂಡನ ಮೇಲೆ ಕುಟುಂಬ ನ್ಯಾಯಾಲಯ, ಬಾಕಿ ವಸೂಲಿಯ ವಾರಂಟ್ ಆದ ‘ಎಫ್‌ಎಲ್‌ಡಬ್ಲ್ಯೂ’ ಹೊರಡಿಸುತ್ತದೆ. ತನ್ನ ಆದೇಶ ಪಾಲಿಸದವರಿಗೆ ಶಿಕ್ಷೆ ವಿಧಿಸುವಾಗ ಗ್ರಾಹಕರ ಆಯೋಗಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ.

ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ವಿಷಯ ಇಷ್ಟು ಸರಳವಾಗಿಲ್ಲ. ನಮ್ಮ ತಹಶೀಲ್ದಾರರ ನಾಮಫಲಕದಲ್ಲಿ ‘ತಾಲ್ಲೂಕು ದಂಡಾಧಿಕಾರಿ’ ಎಂದೂ ಇರುತ್ತದೆ. ಶಾಂತಿಭಂಗದ ಆತಂಕವಿದ್ದಾಗ ಮುಚ್ಚಳಿಕೆ ಬರೆಸಿಕೊಳ್ಳುವ ಪ್ರಕರಣಗಳಲ್ಲಿ, ತಕ್ಷಣ ಬಂಧಿಸದೆ ಶಾಂತಿಭಂಗ ತಡೆಯಲಾಗದು ಎಂದು ಮನವರಿಕೆಯಾದರೆ, ಅವರು ವಾರಂಟ್ ಹೊರಡಿಸಬಹುದು. ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಲಾಗಿದೆ ಎಂಬ ದೂರು ಬಂದಾಗ ಶೋಧ ವಾರಂಟ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಉಪವಿಭಾಗಾಧಿಕಾರಿಗಳಿಗೂ ಇದೆ. ಜೀತದಾಳುಗಳ ಬಿಡುಗಡೆಯಂತಹ ಸಂದರ್ಭಗಳಲ್ಲಿ ಈ ಅಧಿಕಾರ ನಿಜವಾಗಿಯೂ ಬೆಲೆಯುಳ್ಳದ್ದು. ಕಮಿಷನರೇಟ್ ವ್ಯವಸ್ಥೆಯಿರುವ ನಗರಗಳಲ್ಲಿ ಪೊಲೀಸ್ ಕಮಿಷನರಿಗೇ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಅಧಿಕಾರ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಪೊಲೀಸರು ವಾರಂಟ್ ಹೊರಡಿಸುವಂತಿಲ್ಲ ಎಂದು ಮೇಲೆ ಬರೆಯುವಾಗ ‘ತನಿಖಾಧಿಕಾರಿಯಾಗಿ’ ಎಂಬ ಮಾತು ಸೇರಿಸಿದ್ದು ಇದೇ ಕಾರಣಕ್ಕೆ. ಬಂಧಿಸುವವರು ಮತ್ತು ಬಂಧನಕ್ಕೆ ಆದೇಶಿಸುವವರು ಒಂದೇ ಇಲಾಖೆಯವರಾಗುವ ಈ ಏರ್ಪಾಡು ನನಗೆ ಒಪ್ಪಿಗೆಯಾಗುವುದಿಲ್ಲ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಸಂವಿಧಾನದ 50ನೇ ವಿಧಿ ಹೇಳಿತು. ಕಲೆಕ್ಟರರೇ ಮ್ಯಾಜಿಸ್ಟ್ರೇಟರೂ ಆಗಿದ್ದ ಬ್ರಿಟಿಷ್ ಕಾಲದ ಪದ್ಧತಿಯನ್ನು ಮುರಿದು, ಅಪರಾಧ ವಿಚಾರಣೆಯನ್ನು ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಗೆ ವಹಿಸಿದ 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಬೇರ್ಪಡೆ ಪೂರ್ತಿಯಾಗಲಿಲ್ಲ ಎಂಬುದಕ್ಕೆ ಈ ಉಳಿಕೆಗಳೇ ಸಾಕ್ಷಿ.

ಶಾಸನಸಭೆಯೂ ವಾರಂಟ್ ಹೊರಡಿಸಬಲ್ಲದು ಎಂಬುದು ಹಲವರಿಗೆ ಹೊಸ ವಿಷಯವೆನಿಸಬಹುದು. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿದಾಗ ಈ ಪ್ರಶ್ನೆ ನಮ್ಮ ಮನೆಯಂಗಳಕ್ಕೇ ಬಂದಿತ್ತು; ವಿವಾದ ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಇದರ ಬೇರು 1964ರ ಕೇಶವ್ ಸಿಂಗ್ ಪ್ರಕರಣದಲ್ಲಿದೆ. ಗೋರಖ್‌ಪುರದ ಕೇಶವ್ ಸಿಂಗ್ ಅವರನ್ನು ಕರಪತ್ರವೊಂದರ ವಿಚಾರಕ್ಕೆ ಉತ್ತರ ಪ್ರದೇಶ ವಿಧಾನಸಭೆ ಜೈಲಿಗೆ ಕಳುಹಿಸಿತು. ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದ ಇಬ್ಬರು ನ್ಯಾಯಮೂರ್ತಿಗಳು ಅವರಿಗೆ ಜಾಮೀನು ಕೊಟ್ಟರು. ಸಭೆ ಆ ನ್ಯಾಯಮೂರ್ತಿಗಳನ್ನೇ ಕಸ್ಟಡಿಗೆ ತೆಗೆದುಕೊಂಡು ತನ್ನ ಮುಂದೆ ತರಬೇಕೆಂದು ನಿರ್ಣಯಿಸಿತು! ಹೈಕೋರ್ಟಿನ 28 ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು ಆ ನಿರ್ಣಯದ ಜಾರಿಯನ್ನು ತಡೆದರು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದ ಮೇಲೆ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿದ ಮಾತು ಇಲ್ಲಿ ಮುಖ್ಯ. ಇಂಗ್ಲೆಂಡಿನ ಕಾಮನ್ಸ್ ಸಭೆಯ ವಾರಂಟ್ ಕಾರಣವನ್ನು ಬಾಯಿಬಿಟ್ಟು ಹೇಳದಿದ್ದರೂ ನ್ಯಾಯಾಲಯಗಳು ಅದನ್ನು ಪ್ರಶ್ನಿಸುವುದಿಲ್ಲ. ನಮ್ಮ ಶಾಸನಸಭೆಗಳಿಗೆ ಅಂತಹ ಪ್ರಶ್ನಾತೀತ ವಾರಂಟಿನ ಅಧಿಕಾರ ಇಲ್ಲ, ಏಕೆಂದರೆ ಇಲ್ಲಿ ಸಂವಿಧಾನ ಎಲ್ಲರಿಗಿಂತ ಮೇಲಿದೆ ಮತ್ತು ಬಂಧಿತ ವ್ಯಕ್ತಿಗೆ ನ್ಯಾಯಾಲಯದ ಬಾಗಿಲು ಯಾವಾಗಲೂ ತೆರೆದಿರಬೇಕು. ಯಾರೇ ಹೊರಡಿಸಿದ ವಾರಂಟ್ ಆಗಲಿ, ಅದರ ಕಾರಣವನ್ನು ನ್ಯಾಯಾಧೀಶರೊಬ್ಬರು ಪರಿಶೀಲಿಸುವಂತಿರಬೇಕು ಎಂಬ ತತ್ವ ಈ ಅಭಿಪ್ರಾಯದಲ್ಲಿ ಅತ್ಯಂತ ಗಟ್ಟಿಯಾಗಿ ನಿಂತಿದೆ. ಅದೇ ತತ್ವ ಶೋಧದ ಕಾನೂನಿನಲ್ಲಿ ಸಡಿಲವಾಗುತ್ತಾ ಹೋದದ್ದು ನನಗೆ ಅತಿ ಹೆಚ್ಚು ಕಳವಳ ತರುವ ಬೆಳವಣಿಗೆ.

ಶೋಧದ ಸಾಮಾನ್ಯ ಕಾನೂನು ಚೆನ್ನಾಗಿಯೇ ಇದೆ. ಸಮನ್ಸ್ ಕೊಟ್ಟರೂ ದಾಖಲೆ ಅಥವಾ ವಸ್ತುವನ್ನು ತಂದೊಪ್ಪಿಸುವುದಿಲ್ಲ ಎಂದು ನಂಬಲು ಕಾರಣವಿದ್ದಾಗ, ಅಥವಾ ಅದು ಯಾರ ಬಳಿ ಇದೆಯೆಂದು ತಿಳಿಯದಿದ್ದಾಗ, ನ್ಯಾಯಾಲಯ ನಾಗರಿಕ ಸುರಕ್ಷಾ ಸಂಹಿತೆಯ 96ನೇ ಸೆಕ್ಷನ್ ಅಡಿ ಶೋಧ ವಾರಂಟ್ ಹೊರಡಿಸುತ್ತದೆ. ಅಷ್ಟು ಸಮಯವಿಲ್ಲ, ತಡವಾದರೆ ಸಾಕ್ಷ್ಯ ಕೈತಪ್ಪುತ್ತದೆ ಎಂದಾದರೆ, 185ನೇ ಸೆಕ್ಷನ್ ಅಡಿ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ಕಾರಣಗಳನ್ನು ಬರೆದಿಟ್ಟು ತಾನೇ ಶೋಧ ನಡೆಸಬಹುದು. ಆದರೆ ಆ ಬರಹದ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಶೋಧವನ್ನು ವಿಡಿಯೊ ಮಾಡುವುದನ್ನು ಹೊಸ ಸಂಹಿತೆ ಕಡ್ಡಾಯಗೊಳಿಸಿದೆ. ಪಂಚರ ಸಮಕ್ಷಮ ಮಹಜರು ಬರೆಯುವ ಹಳೆಯ ಪದ್ಧತಿಯೂ ಮುಂದುವರಿದಿದೆ. ಲೋಕಾಯುಕ್ತ ದಾಳಿ ಎಂದು ನಾವು ಆಗಾಗ ಓದುವ ಸುದ್ದಿಗಳ ಹಿಂದೆ ಇಂತಹ ಅಧಿಕಾರಗಳೇ ಇರುತ್ತವೆ. ಅಕ್ರಮ ಆಸ್ತಿ ಪ್ರಕರಣದ ತನಿಖೆಗೆ ಪೊಲೀಸ್ ಸೂಪರಿಂಟೆಂಡೆಂಟ್ ಕೊಡುವ ಆದೇಶವನ್ನು ಕೆಲವರು ವಾರಂಟ್ ಎಂದು ತಿಳಿಯುತ್ತಾರೆ. ಅದು ತನಿಖೆ ಆರಂಭಿಸಲು ಭ್ರಷ್ಟಾಚಾರ ತಡೆ ಕಾಯ್ದೆಯ 17ನೇ ಸೆಕ್ಷನ್ ಬಯಸುವ ಅನುಮತಿ. ಲೋಕಾಯುಕ್ತರಿಗೂ ಉಪಲೋಕಾಯುಕ್ತರಿಗೂ ತಮ್ಮದೇ ಶೋಧ ವಾರಂಟ್ ಹೊರಡಿಸುವ ಅಧಿಕಾರವನ್ನು 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಪ್ರತ್ಯೇಕವಾಗಿ ನೀಡಿದೆ.

ವಿಶೇಷ ಕಾಯ್ದೆಗಳಿಗೆ ಬಂದಾಗ ಚಿತ್ರ ಬದಲಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 132ನೇ ಸೆಕ್ಷನ್ ಪ್ರಕಾರ ಶೋಧಕ್ಕೆ ಅಧಿಕಾರ ಕೊಡುವವರು ಇಲಾಖೆಯದೇ ಹಿರಿಯ ಅಧಿಕಾರಿಗಳು, ಅಂದರೆ ಮಹಾನಿರ್ದೇಶಕರು, ನಿರ್ದೇಶಕರು, ಮುಖ್ಯ ಆಯುಕ್ತರಂತಹವರು. ಅವರು ಸಹಿ ಹಾಕುವ 45ನೇ ನಮೂನೆಯನ್ನು ಇಲಾಖೆಯಲ್ಲೂ ವಕೀಲರಲ್ಲೂ ವಾರಂಟ್ ಎಂದೇ ಕರೆಯುತ್ತಾರೆ. ಜಿಎಸ್‌ಟಿಯಲ್ಲಿ ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಶೋಧಕ್ಕೆ ಲಿಖಿತ ಅಧಿಕಾರ ಕೊಡುತ್ತಾರೆ, ಬಂಧನಕ್ಕೆ ಆಯುಕ್ತರು. ಮಾದಕ ವಸ್ತು ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ವಾರಂಟ್ ಒಂದು ದಾರಿ, ಗೆಜೆಟೆಡ್ ಅಧಿಕಾರಿಯ ಅನುಮತಿ ಇನ್ನೊಂದು ದಾರಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 17ನೇ ಸೆಕ್ಷನ್ ಅಡಿ ಜಾರಿ ನಿರ್ದೇಶನಾಲಯದ ನಿರ್ದೇಶಕರು ಅಥವಾ ಉಪನಿರ್ದೇಶಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕೃತ ಅಧಿಕಾರಿ ಕಾರಣಗಳನ್ನು ಬರೆದು ತಮ್ಮ ಕೈಕೆಳಗಿನವರಿಗೆ ಶೋಧಕ್ಕೆ ಅಧಿಕಾರ ನೀಡುತ್ತಾರೆ. ಅದೇ ಕಾಯ್ದೆಯ 19ನೇ ಸೆಕ್ಷನ್ ಅಡಿ ಬಂಧನಕ್ಕೂ ನ್ಯಾಯಾಲಯದ ವಾರಂಟ್ ಬೇಕಿಲ್ಲ. ‘ನಂಬಲು ಕಾರಣ’ ಎಂಬುದು ಈ ಎಲ್ಲ ಕಾಯ್ದೆಗಳಲ್ಲೂ ಬರುವ ಷರತ್ತು. ಆ ಕಾರಣವನ್ನು ಬರೆಯುವವರೂ ಇಲಾಖೆಯವರೇ, ಓದಿ ಒಪ್ಪುವವರೂ ಇಲಾಖೆಯವರೇ.

ಇದಕ್ಕೆ ನ್ಯಾಯಿಕ ಬುನಾದಿ ಹಾಕಿದ್ದು 1954ರ ಎಂ.ಪಿ. ಶರ್ಮಾ ತೀರ್ಪು. ದಾಲ್ಮಿಯಾ ಸಮೂಹದ ಕಂಪನಿಯೊಂದರ ತನಿಖೆಗಾಗಿ ದೆಹಲಿಯ ಜಿಲ್ಲಾ ಮ್ಯಾಜಿಸ್ಟ್ರೇಟ್ ಹೊರಡಿಸಿದ ವಾರಂಟ್‌ಗಳ ಮೇಲೆ 34 ಸ್ಥಳಗಳಲ್ಲಿ ಶೋಧ ನಡೆದಿತ್ತು. ಎಂಟು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯುತ್ತಾ, ಶೋಧ ಮತ್ತು ಜಪ್ತಿ ಸಮಾಜದ ಭದ್ರತೆಗಾಗಿ ರಾಜ್ಯಕ್ಕಿರುವ ಅಧಿಕಾರ, ಅದನ್ನು ಶಾಸನ ನಿಯಂತ್ರಿಸುತ್ತದೆ ಎಂದಿತು. ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿ ಅಕಾರಣ ಶೋಧದ ವಿರುದ್ಧ ಕೊಟ್ಟಂತಹ ರಕ್ಷಣೆಯನ್ನು ನಮ್ಮ ಸಂವಿಧಾನ ರಚಿಸಿದವರು ಸೇರಿಸಿಲ್ಲವಾದ್ದರಿಂದ ಅದನ್ನು ಬೇರೆ ದಾರಿಯಲ್ಲಿ ಒಳತರಲಾಗದು ಎಂಬ ನಿಲುವು ತಳೆಯಿತು. 1973ರಲ್ಲಿ ಪೂರನ್ ಮಲ್ ಪ್ರಕರಣದಲ್ಲಿ ಆದಾಯ ತೆರಿಗೆ ಶೋಧದ ಅಧಿಕಾರ ಸಿಂಧುವೆಂದಾಯಿತು; ಅಷ್ಟೇ ಅಲ್ಲದೆ, ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನೂ ಬಳಸಬಹುದೆಂದಾಯಿತು. ಮುಂದೆ 2017ರ ಹಣಕಾಸು ಕಾಯ್ದೆ, ಶೋಧಕ್ಕೆ ಅಧಿಕಾರಿ ಬರೆದ ಕಾರಣಗಳನ್ನು ಯಾವ ವ್ಯಕ್ತಿಗೂ ಮೇಲ್ಮನವಿ ನ್ಯಾಯಮಂಡಳಿಗೂ ತಿಳಿಸಬೇಕಿಲ್ಲ ಎಂದು ಸೇರಿಸಿ, ಅದನ್ನು 1962ರಿಂದಲೇ ಅನ್ವಯಿಸುವಂತೆ ಮಾಡಿತು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ, ಮೂಲ ಅಪರಾಧದ ವರದಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಕೆಯಾಗಿರದಿದ್ದರೆ ಶೋಧ ನಡೆಸುವಂತಿಲ್ಲ ಎಂಬ ಷರತ್ತಿತ್ತು. 2019ರಲ್ಲಿ ಹಣಕಾಸು ಕಾಯ್ದೆಯ ಮೂಲಕವೇ ಅದನ್ನು ತೆಗೆದುಹಾಕಲಾಯಿತು. ಈಗ ಇ.ಡಿ ಬರೆದ ಕಾರಣಗಳು ಮುಚ್ಚಿದ ಲಕೋಟೆಯಲ್ಲಿ ನಿರ್ಣಯ ಪ್ರಾಧಿಕಾರಕ್ಕೆ ಹೋಗುತ್ತವೆ, ನ್ಯಾಯಾಲಯಕ್ಕಲ್ಲ.

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಈ ಅಧಿಕಾರಗಳನ್ನು 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು ಎತ್ತಿಹಿಡಿಯಿತು. ಅಧಿಕಾರಿಯ ದರ್ಜೆ ಎತ್ತರದ್ದು, ಕಾರಣ ಬರೆಯುವುದು ಕಡ್ಡಾಯ, ದುರುದ್ದೇಶದ ಶೋಧಕ್ಕೆ ಕಾಯ್ದೆಯಲ್ಲೇ ಶಿಕ್ಷೆಯಿದೆ, ಇವು ಸಾಕಷ್ಟು ರಕ್ಷಣೆ ಎಂಬುದು ಅದರ ತರ್ಕ. ಈ ತರ್ಕವನ್ನು ಲಘುವಾಗಿ ಕಾಣುವಂತಿಲ್ಲ. ಹಣದ ಅಪರಾಧಗಳಲ್ಲಿ ಸಾಕ್ಷ್ಯ ನಿಮಿಷಗಳಲ್ಲಿ ಮಾಯವಾಗುತ್ತದೆ ಎಂಬುದೂ, ನ್ಯಾಯಾಲಯದಲ್ಲಿ ಅರ್ಜಿ ಹಾಕಿದರೆ ಸುದ್ದಿ ಸೋರುತ್ತದೆ ಎಂಬುದೂ ತನಿಖಾ ಸಂಸ್ಥೆಗಳ ನಿಜವಾದ ಕಷ್ಟಗಳು. ಆದರೆ ಆ ತೊಂದರೆಗೆ ಪೊಲೀಸರ 185ನೇ ಸೆಕ್ಷನ್ ಆಗಲೇ ಉತ್ತರ ಕಂಡುಕೊಂಡಿದೆ: ಮೊದಲು ಶೋಧಿಸು, 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಾರಣ ತಿಳಿಸು. ಕೊಲೆ ಪ್ರಕರಣದ ಇನ್ಸ್‌ಪೆಕ್ಟರ್ ಮಾಡಬಲ್ಲದ್ದನ್ನು ತೆರಿಗೆ ಅಥವಾ ಇ.ಡಿ ಅಧಿಕಾರಿ ಏಕೆ ಮಾಡಲಾರರು ಎಂಬ ಪ್ರಶ್ನೆಗೆ ನನಗೆ ಈವರೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಎಂ.ಪಿ. ಶರ್ಮಾ ತೀರ್ಪಿನ ಬುನಾದಿಯೇ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಖಾಸಗಿತನದ ಹಕ್ಕಿಲ್ಲ ಎಂದು ಹೇಳಿದ ಮಟ್ಟಿಗೆ ಎಂ.ಪಿ. ಶರ್ಮಾ ತೀರ್ಪನ್ನು ತಳ್ಳಿಹಾಕಿತು. ಮನೆಯೊಳಗೆ ನುಗ್ಗಿ ಕಪಾಟು ತೆರೆಯುವುದಕ್ಕಿಂತ ದೊಡ್ಡ ಖಾಸಗಿತನದ ಭಂಗ ಇನ್ನಾವುದಿದೆ? ಹಾಗಿರುವಾಗ, ಪ್ರಕರಣದಲ್ಲಿ ಆಸಕ್ತಿಯಿಲ್ಲದ ಮೂರನೆಯವರೊಬ್ಬರು ಕಾರಣವನ್ನು ತೂಗಿ ನೋಡುವ ಏರ್ಪಾಡಿಲ್ಲದ ಶೋಧ ಪುಟ್ಟಸ್ವಾಮಿ ತೀರ್ಪು ಹಾಕಿದ ಅನುಪಾತದ (ಹಕ್ಕಿನ ಮೇಲಿನ ಹಸ್ತಕ್ಷೇಪ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕೆಂಬ) ಪರೀಕ್ಷೆಯಲ್ಲಿ ಗೆಲ್ಲುತ್ತದೆಯೇ ಎಂಬುದನ್ನು ನ್ಯಾಯಾಲಯಗಳು ಮತ್ತೆ ಕೇಳಿಕೊಳ್ಳಬೇಕಿದೆ. ಅಮೆರಿಕದಲ್ಲಿ 1971ರ ಕೂಲಿಜ್ ಪ್ರಕರಣದಲ್ಲಿ, ತನಿಖೆಯ ನೇತೃತ್ವ ವಹಿಸಿದ್ದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಅಟಾರ್ನಿ ಜನರಲ್ ಅವರೇ ಸಹಿ ಹಾಕಿದ್ದ ಶೋಧ ವಾರಂಟ್ ಅಸಿಂಧುವಾಯಿತು. ಅಲ್ಲಿಯೂ ವಲಸೆ ಅಧಿಕಾರಿಗಳು ತಾವೇ ಸಹಿ ಹಾಕುವ ಆಡಳಿತಾತ್ಮಕ ವಾರಂಟ್‌ಗಳಿವೆ. ನ್ಯಾಯಾಧೀಶರ ಸಹಿಯಿಲ್ಲದ ಅಂತಹ ಕಾಗದ ಹಿಡಿದು ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರುವಂತಿಲ್ಲ ಎಂಬುದು ದಶಕಗಳಿಂದ ನಡೆದುಬಂದ ತಿಳಿವಳಿಕೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವ್ಯತ್ಯಾಸ ಈಗ ಬರಿಯ ಪುಸ್ತಕದ ವಿಷಯವಾಗಿ ಉಳಿದಿಲ್ಲ.

ನಮ್ಮ ನ್ಯಾಯಾಲಯಗಳು ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, ಇ.ಡಿ ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಮೇ 16ರ ತರ್ಸೇಮ್ ಲಾಲ್ ತೀರ್ಪು ಇನ್ನೂ ಮುಂದೆ ಹೋಯಿತು: ಇ.ಡಿ ದೂರನ್ನು ವಿಶೇಷ ನ್ಯಾಯಾಲಯ ವಿಚಾರಣೆಗೆ ಅಂಗೀಕರಿಸಿದ ಮೇಲೆ ಆ ದೂರಿನಲ್ಲಿ ಹೆಸರಿಸಿದ ಆರೋಪಿಯನ್ನು ಇ.ಡಿ ತಾನೇ ಬಂಧಿಸುವಂತಿಲ್ಲ. ಅದುವರೆಗೆ ಬಂಧಿಸಿರದಿದ್ದರೆ ನ್ಯಾಯಾಲಯ ಸಾಮಾನ್ಯವಾಗಿ ವಾರಂಟ್ ಬದಲು ಸಮನ್ಸ್ ಕೊಡಬೇಕು. ಕಸ್ಟಡಿ ಬೇಕಾದರೆ ಇ.ಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಅಧಿಕಾರಿಯ ಕೈಗೆ ಹೋಗಿದ್ದ ಲೇಖನಿಯನ್ನು ನ್ಯಾಯಾಲಯ ಮರಳಿ ಪಡೆದ ಅಪರೂಪದ ಸಂದರ್ಭ ಅದು.

ಶೋಧದಲ್ಲಿ ಅಂತಹ ಮರುವಶಕ್ಕೆ ದಾರಿ ತೋರಿದ್ದು ನಮ್ಮದೇ ಹೈಕೋರ್ಟ್. ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಮೊಬೈಲ್ ಅಥವಾ ಇ-ಮೇಲ್ ಪಾಸ್‌ವರ್ಡನ್ನು ಆರೋಪಿ ತಾನಾಗಿ ಕೊಡದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧ ವಾರಂಟ್ ಪಡೆಯಬೇಕು, ತುರ್ತಿನಲ್ಲಿ ವಾರಂಟ್ ಇಲ್ಲದೆ ಶೋಧಿಸಿದರೆ ಕಾರಣ ಬರೆದಿಡಬೇಕು ಎಂದು ಹೇಳಿದರು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು ಎಂಬ ಅದೇ ತೀರ್ಪಿನ ಮಾತನ್ನು ಒಪ್ಪದವರಿದ್ದಾರೆ. ಆದರೆ ಫೋನಿನೊಳಗಿನ ಬದುಕನ್ನು ತೆರೆಯುವ ಮೊದಲು ನ್ಯಾಯಾಧೀಶರನ್ನು ಕೇಳು ಎಂಬ ಮೊದಲ ಮಾತು ಉಳಿಸಿಕೊಳ್ಳಬೇಕಾದದ್ದು. ಫೋನ್ ಕದ್ದಾಲಿಕೆಯಲ್ಲಿ ಅದೂ ಇಲ್ಲ. ಅದಕ್ಕೆ ಆದೇಶಿಸುವವರು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಪರಿಶೀಲಿಸುವ ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಬಂದ 1996ರ ಸುಪ್ರೀಂ ಕೋರ್ಟ್ ತೀರ್ಪು ಈ ವ್ಯವಸ್ಥೆಗೆ ಚೌಕಟ್ಟು ಹಾಕಿತಾದರೂ ನ್ಯಾಯಾಧೀಶರ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಲಿಲ್ಲ.

ಬಾಗಿಲಲ್ಲಿ ನಿಂತವರ ಕೈಯಲ್ಲಿ ಕಾಗದವಿದ್ದಾಗ ಮಾಡಬಹುದಾದದ್ದು ಇದೆ. ಬಂಧನದ ವಾರಂಟಿನ ಸಾರಾಂಶವನ್ನು ತಿಳಿಸುವುದು, ಕೇಳಿದರೆ ವಾರಂಟನ್ನೇ ತೋರಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಪೊಲೀಸರ ಕರ್ತವ್ಯ. ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಮೊಹರು, ಪೀಠಾಸೀನಾಧಿಕಾರಿಯ ಸಹಿ ನೋಡಿ. ಜಾಮೀನು ಸಹಿತ ವಾರಂಟ್ ಆಗಿದ್ದರೆ ಅದರ ಮೇಲೆಯೇ ಜಾಮೀನಿನ ಮೊತ್ತ ಬರೆದಿರುತ್ತದೆ, ಅದನ್ನು ಒದಗಿಸಿದರೆ ಬಿಡುಗಡೆ ಮಾಡಲೇಬೇಕು. ವಾರಂಟ್ ದೇಶದ ಯಾವ ಮೂಲೆಯಲ್ಲೂ ಜಾರಿಯಾಗಬಹುದು; ಆದರೆ ಅದನ್ನು ಹೊರಡಿಸಿದ ಜಿಲ್ಲೆಯ ಹೊರಗೆ ಬಂಧಿಸಿದರೆ, ಆ ನ್ಯಾಯಾಲಯ 30 ಕಿಲೋಮೀಟರ್ ಒಳಗಿದ್ದಂತಹ ಸಂದರ್ಭಗಳನ್ನು ಬಿಟ್ಟು, ಮೊದಲು ಸ್ಥಳೀಯ ಮ್ಯಾಜಿಸ್ಟ್ರೇಟ್ ಅಥವಾ ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಶೋಧಕ್ಕೆ ಬಂದವರು ಅಧಿಕಾರಿಯ ಸಹಿಯ ಕಾಗದ ತೋರಿಸಿದರೆ, ಯಾವ ಕಾಯ್ದೆಯ ಯಾವ ಸೆಕ್ಷನ್, ಸಹಿ ಮಾಡಿದವರ ಹುದ್ದೆ ಯಾವುದು ಎಂದು ಕೇಳುವ ಹಕ್ಕು ನಿಮ್ಮದು. ಪರದೆಯ ಮೇಲೆ ಕಾಗದ ತೋರಿಸಿ ಹಣ ಕೇಳಿದವರ ವಿಷಯದಲ್ಲಿ ಇಷ್ಟೆಲ್ಲ ಪರಿಶೀಲನೆಯೂ ಬೇಕಿಲ್ಲ. ಕರೆ ಕತ್ತರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹೊಸ ಆದಾಯ ತೆರಿಗೆ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದು ಜಾರಿಗೆ ಬರಲು ನಿಗದಿಯಾದ ದಿನ 2026ರ ಏಪ್ರಿಲ್ 1. ಅದರ 247ನೇ ಸೆಕ್ಷನ್ ಶೋಧದ ವ್ಯಾಪ್ತಿಗೆ ಇ-ಮೇಲ್, ಸಾಮಾಜಿಕ ಜಾಲತಾಣದ ಖಾತೆ, ಕ್ಲೌಡ್ ಸರ್ವರ್‌ಗಳನ್ನೊಳಗೊಂಡ ‘ವರ್ಚುವಲ್ ಡಿಜಿಟಲ್ ಸ್ಪೇಸ್’ ಅನ್ನೂ ಸೇರಿಸಿದೆ. ಪಾಸ್‌ವರ್ಡ್ ಸಿಗದಿದ್ದರೆ ಅದನ್ನು ಮೀರಿ ಒಳಹೋಗುವ ಅಧಿಕಾರವನ್ನೂ ಕೊಟ್ಟಿದೆ. ಅಲ್ಲಿ ಸಹಿ ಹಾಕುವವರು ಮೊದಲಿನಂತೆ ಇಲಾಖೆಯ ಅಧಿಕಾರಿಗಳೇ. ಆ ಸಹಿಯ ಹಿಂದಿನ ಕಾರಣಗಳು ಶೋಧ ಮುಗಿದ 48 ಗಂಟೆಯೊಳಗಾದರೂ ಒಬ್ಬ ಮ್ಯಾಜಿಸ್ಟ್ರೇಟರ ಮೇಜಿಗೆ ಬರಬೇಕು ಎಂಬ ಒಂದು ಸಾಲಿನ ತಿದ್ದುಪಡಿಯನ್ನು ಸಂಸತ್ತು ಆದಾಯ ತೆರಿಗೆ, ಜಿಎಸ್‌ಟಿ, ಅಕ್ರಮ ಹಣ ವರ್ಗಾವಣೆ ಕಾಯ್ದೆಗಳಿಗೆ ತರಬಹುದು. ಅದಕ್ಕೆ ಹೊಸ ಸಂಸ್ಥೆ ಬೇಕಿಲ್ಲ, ಹೆಚ್ಚಿನ ಹಣ ಬೇಕಿಲ್ಲ. ಪ್ರತಿ ಪೊಲೀಸ್ ಠಾಣೆಗೂ ಅನ್ವಯಿಸುವ ನಿಯಮ ಈಗಾಗಲೇ ಪುಸ್ತಕದಲ್ಲಿದೆ.